ಶೇಕಡಾ 40ರ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗನಿಗೆ ಈಗ ಏಳು ವರ್ಷ. ವಯಸ್ಸಿಗೆ ತಕ್ಕ ಬುದ್ಧಿಯ ಬೆಳವಣಿಗೆ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕುವ ಸಲುವಾಗಿ ಪ್ರಮಾಣಪತ್ರ ಪಡೆದುಕೊಂಡು ಬಂದವಳು ನನಗೆ ದೂರವಾಣಿ ಮಾಡಿ ಒಂದು ಪ್ರಶ್ನೆ ಕೇಳಿದಳು. “ಸಾರ್, ಇದರಲ್ಲಿ ಶೇಕಡಾ 75 ಎಂದು ಬರೆದಿದ್ದಾರೆ. ಯಾವುದರಲ್ಲಿ ಶೇಕಡಾ 75?” ಇತಿಹಾಸ ಪಾಠ ಮಾಡಿ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಸುಮ್ಮನೆ ಕೂರಗೊಡುವುದಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವೂ ಇದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ; ಇದೇ ದಾರಿಯಲ್ಲಿ ನಡೆಯುತ್ತಿರುವ ಬಂಧುಗಳೂ ಓದಲಿ.

ಮನುಷ್ಯನ ಊನವನ್ನು ನೂರರಲ್ಲಿ ಇಷ್ಟು ಎಂದು ಲೆಕ್ಕ ಹಾಕುವ ರೂಢಿ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ನಮ್ಮ ದೇಶದಲ್ಲಿ ಅದರ ಹಳೆಯ ಬೇರುಗಳಲ್ಲೊಂದು 1923ರ ಕಾರ್ಮಿಕರ ಪರಿಹಾರ ಕಾಯಿದೆಯಲ್ಲಿದೆ. ಯಂತ್ರಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡ ಕೂಲಿಕಾರನಿಗೆ ಮಾಲೀಕನು ಎಷ್ಟು ಕೊಡಬೇಕೆಂದು ನಿರ್ಧರಿಸುವ ಸಲುವಾಗಿ ಆ ಕಾಯಿದೆಗೆ ಒಂದು ಅನುಸೂಚಿಯನ್ನು ಸೇರಿಸಿದ್ದರು. ಬಲಗೈ ಮೊಣಕೈಯಿಂದ ಮೇಲಕ್ಕೆ ಹೋದರೆ ಶೇಕಡಾ 70; ಎಡಗೈ ಹೋದರೆ 60. ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25. ತೋರುಬೆರಳಿಗೆ 10, ಉಳಿದ ಯಾವುದೇ ಬೆರಳಿಗೆ 5. ಎಡಗೈಗಿಂತ ಬಲಗೈಗೆ ಬೆಲೆ ಹೆಚ್ಚು ಏಕೆಂದರೆ ಅನುಸೂಚಿ ಅಳೆಯುತ್ತಿದ್ದುದು ಕೈಯನ್ನಲ್ಲ, ಕೂಲಿಯನ್ನು. ಆ ಶೇಕಡಾ ಎಂಬುದು ‘ಸಂಪಾದನಾ ಸಾಮರ್ಥ್ಯದ ನಷ್ಟ’. ಮುಂದೆ ತಿದ್ದುಪಡಿಯಾಗಿ ಎಡಬಲಗಳ ಭೇದ ಹೋಯಿತು, ಅಂಕಿಗಳೂ ಬದಲಾದವು. ತತ್ತ್ವ ಮಾತ್ರ ಬದಲಾಗಲಿಲ್ಲ. ಕಾರ್ಮಿಕನ ಮಟ್ಟಿಗೆ ಅದು ನ್ಯಾಯವಾದ ಲೆಕ್ಕವೇ. ನಿನ್ನೆ ದುಡಿಯುತ್ತಿದ್ದವನು ಇಂದು ಎಷ್ಟು ದುಡಿಯಲಾರ ಎಂಬುದಕ್ಕೆ ಒಂದು ಅಂದಾಜು ಬೇಕಿತ್ತು. ಆದರೆ ಒಂದು ದಿನವೂ ದುಡಿಯದ, ದುಡಿಯಬಾರದ, ಏಳು ವರ್ಷದ ಕೂಸಿನ ಸಂಪಾದನೆಯಲ್ಲಿ ಕಳೆಯುವುದೇನನ್ನು?

ಸ್ವತಂತ್ರ ಭಾರತದ ಸಂವಿಧಾನವೂ ಈ ಜಾಡಿನಿಂದ ಪೂರ್ತಿ ಹೊರಗೆ ಬರಲಿಲ್ಲ. 41ನೆಯ ಅನುಚ್ಛೇದವು ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆಗಳ ಸಂದರ್ಭದಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನು ಒದಗಿಸಬೇಕೆಂದು ಹೇಳುತ್ತದೆ. ಜೊತೆಗೆ ‘ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಕಟ್ಟನ್ನೂ ಹಾಕುತ್ತದೆ. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 9ನೆಯ ನಮೂದು ಅಂಗವಿಕಲರ ಮತ್ತು ಉದ್ಯೋಗಕ್ಕೆ ಅನರ್ಹರಾದವರ ಪರಿಹಾರ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದನ್ನು ಗಮನಿಸಿ. ಅದು ರಾಜ್ಯಪಟ್ಟಿಯಲ್ಲಿ ಇರುವುದರಿಂದಲೇ ಕರ್ನಾಟಕದ ಮಾಸಾಶನ ಬೇರೆ, ಕೇರಳದ್ದು ಬೇರೆ, ತಮಿಳುನಾಡಿನದು ಬೇರೆ.

ಅಂಗವಿಕಲರಿಗೆಂದೇ ಸಮಗ್ರವಾದ ಕಾನೂನು ಬಂದದ್ದು ಬಹಳ ತಡವಾಗಿ. 1995ರ ಕಾಯಿದೆ 1996ರ ಫೆಬ್ರವರಿ 7ರಂದು ಜಾರಿಗೆ ಬಂತು. ಏಳು ಬಗೆಯ ಅಂಗವಿಕಲತೆಗಳನ್ನು ಅದು ಗುರುತಿಸಿತು. ಶೇಕಡಾ 40ಕ್ಕೆ ಕಡಿಮೆ ಇಲ್ಲದಂತೆ ಊನವಿದೆಯೆಂದು ವೈದ್ಯಾಧಿಕಾರಿ ಬರೆದುಕೊಟ್ಟವರನ್ನು ಮಾತ್ರ ಕಾನೂನಿನ ಅರ್ಥದಲ್ಲಿ ಅಂಗವಿಕಲರೆಂದು ಕರೆಯಿತು. ಅಂದಿನಿಂದ ಈ 40 ಎಂಬ ಸಂಖ್ಯೆ ಹೊಸ್ತಿಲಾಯಿತು. 39 ಬಂದವನು ಹೊರಗೆ, 40 ಬಂದವನು ಒಳಗೆ. (ಪರೀಕ್ಷೆಯಲ್ಲಿ 34 ಅಂಕ ಪಡೆದು ಕೂತ ಮಕ್ಕಳ ಮುಖ ನೆನಪಾಗುತ್ತದೆ. ಆದರೆ ಅಲ್ಲಿ ಕೃಪಾಂಕವೆಂಬುದೊಂದಿತ್ತು.) ಬುದ್ಧಿಯ ಊನವನ್ನು ಅಳೆಯುವ ಬಗೆಯನ್ನು 2001ರ ಮಾರ್ಗಸೂಚಿ ನಿಗದಿಮಾಡಿತು. ಬುದ್ಧಿಸೂಚ್ಯಂಕ 50ರಿಂದ 69ರವರೆಗೆ ಇದ್ದರೆ ಶೇಕಡಾ 50, 35ರಿಂದ 49ರವರೆಗೆ 75, 20ರಿಂದ 34ರವರೆಗೆ 90, ಅದಕ್ಕೂ ಕೆಳಗೆ 100. ನನ್ನ ವಿದ್ಯಾರ್ಥಿನಿ ಕೇಳಿದ 75 ಈ ಮೆಟ್ಟಿಲುಗಳಲ್ಲಿ ಒಂದು. ಮಗುವಿನಲ್ಲಿ ನೂರಕ್ಕೆ ಎಪ್ಪತ್ತೈದು ಭಾಗ ಇಲ್ಲವೆಂದು ಅದರ ಅರ್ಥವಲ್ಲ. ಮಧ್ಯಮ ದರ್ಜೆ ಎಂಬುದಕ್ಕೆ ಕಚೇರಿಯವರು ಕೊಟ್ಟಿರುವ ಸಂಕೇತ, ಅಷ್ಟೆ. 2018ರಲ್ಲಿ ಮಾರ್ಗಸೂಚಿ ಹೊಸದಾದಾಗ ಮಗುವಿನ ದಿನನಿತ್ಯದ ನಡವಳಿಕೆಯನ್ನೂ ಅಳತೆಗೆ ತಂದರು. ಮೆಟ್ಟಿಲುಗಳು ಬಹುಮಟ್ಟಿಗೆ ಅವೇ ಉಳಿದವು.

ಹಣದ ವಿಷಯದಲ್ಲಿ 1995ರ ಕಾಯಿದೆ ಹೇಳಿದ್ದು ನಿರುದ್ಯೋಗ ಭತ್ಯೆಯನ್ನು. ವಿಶೇಷ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಎರಡು ವರ್ಷ ಕಳೆದರೂ ಕೆಲಸ ಸಿಗದವರಿಗೆ ಅದು. ಮತ್ತೆ ಕೆಲಸದ ಮಾತೇ. 2009ರಲ್ಲಿ ಕೇಂದ್ರವು ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಯನ್ನು ಆರಂಭಿಸಿದಾಗ 18 ವರ್ಷ ತುಂಬಿರಬೇಕು, ಊನ ಶೇಕಡಾ 80 ಇರಬೇಕು ಎಂದಿತು. ಮಕ್ಕಳು ಅದರಲ್ಲಿ ಇಲ್ಲವೇ ಇಲ್ಲ. ಕರ್ನಾಟಕದ ಮಾಸಾಶನ ಈ ಮಟ್ಟಿಗೆ ಉದಾರವಾದದ್ದು, ಮಕ್ಕಳ ಹೆಸರಿನಲ್ಲೂ ಅರ್ಜಿ ಹಾಕಬಹುದು.

ಗೆರೆ ಎಳೆಯುವವರ ಕೈ ತಪ್ಪಿದರೆ ಮಕ್ಕಳು ಹೇಗೆ ಸಂದಿಯಲ್ಲಿ ಬೀಳುತ್ತಾರೆ ಎಂಬುದಕ್ಕೆ ಆಟಿಸಂನ ಕತೆಯೇ ಸಾಕು. 1995ರ ಏಳರ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. ನಾಲ್ಕು ವರ್ಷಗಳ ಮೇಲೆ, 1999ರಲ್ಲಿ ಬಂದ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಇತ್ತು. ಒಂದೇ ಸಂಸತ್ತಿನ ಎರಡು ಕಾಯಿದೆಗಳಲ್ಲಿ ಒಂದು ಆ ಮಗುವನ್ನು ಕಂಡಿತು, ಇನ್ನೊಂದು ಕಾಣಲಿಲ್ಲ. ಪೋಷಕರನ್ನು ನೇಮಿಸಲು ಅವಕಾಶವಿತ್ತು. ಶೇಕಡಾ ಹಾಕಿಸಿಕೊಳ್ಳಲು ಕಲಮೇ ಇರಲಿಲ್ಲ. ಎಷ್ಟೋ ತಂದೆತಾಯಿಗಳು ಬೇರೆ ದಾರಿ ಕಾಣದೆ ಬುದ್ಧಿಮಾಂದ್ಯವೆಂದು ಬರೆಸಿಕೊಂಡು ಬಂದರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂ ಅನ್ನು ಸೇರಿಸಿಕೊಳ್ಳುವ ಹೊತ್ತಿಗೆ ಎರಡು ದಶಕಗಳು ಕಳೆದಿದ್ದವು. 1996ರಲ್ಲಿ ಹುಟ್ಟಿದ ಮಗುವಿನ ಬಾಲ್ಯವೆಲ್ಲ ಅದರಲ್ಲೇ ಮುಗಿದಿತ್ತು.

ಹೀಗೆಂದ ಮಾತ್ರಕ್ಕೆ ಸರ್ಕಾರವು ಬೇರೆ ರೀತಿಯಲ್ಲಿ ಯೋಚಿಸಿಯೇ ಇಲ್ಲವೆನ್ನಲಾಗದು. ಉಪಾಧ್ಯಾಯನಾಗಿ ನಾನು ಹತ್ತಿರದಿಂದ ಕಂಡ ಯೋಜನೆಯೊಂದಿದೆ. ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ಕೇಂದ್ರ ಸರ್ಕಾರ 1974ರಲ್ಲಿ ಆರಂಭಿಸಿತು. ಅಂಥ ಮಕ್ಕಳು ಸಾಮಾನ್ಯ ಶಾಲೆಯಲ್ಲಿಯೇ ಓದಬೇಕೆಂಬುದು ಅದರ ಆಶಯ. ಮುಂದೆ ಪರಿಷ್ಕೃತವಾದಾಗ ಅದರ ದರಗಳು ಹೀಗಿದ್ದವು: ಪುಸ್ತಕಕ್ಕೆ ವರ್ಷಕ್ಕೆ 400 ರೂಪಾಯಿ, ಸಮವಸ್ತ್ರಕ್ಕೆ 200, ಪ್ರಯಾಣಕ್ಕೆ ತಿಂಗಳಿಗೆ 50. ಐದನೆಯ ತರಗತಿ ದಾಟಿದ ಅಂಧ ಮಗುವಿಗೆ ಓದಿ ಹೇಳುವವರಿಗಾಗಿ ತಿಂಗಳಿಗೆ 50. ಕಾಲಿನ ಊನ ತೀವ್ರವಾಗಿರುವ ಮಗುವನ್ನು ಶಾಲೆಗೆ ಕರೆತರುವವರಿಗೆ ತಿಂಗಳಿಗೆ 75. ಈ ಮಗು ನಾಳೆ ಎಷ್ಟು ದುಡಿಯಲಾರದು ಎಂಬ ಲೆಕ್ಕ ಇಲ್ಲಿಲ್ಲ. ಬೆಳಿಗ್ಗೆ ಶಾಲೆಯ ಬಾಗಿಲಿಗೆ ಬಂದು ಮುಟ್ಟಲು ಅದಕ್ಕೆ ಏನು ಬೇಕು ಎಂಬ ಒಂದೇ ಪ್ರಶ್ನೆ.

ನಮ್ಮ ಶಾಲೆಗೆ ಪೋಲಿಯೊ ಆಗಿದ್ದ ಹುಡುಗನೊಬ್ಬ ಬರುತ್ತಿದ್ದ. ತಾತನ ಹೆಗಲೇ ಅವನ ವಾಹನ. ಎರಡು ಮೈಲಿ ಹೊತ್ತು ತಂದು, ಸಂಜೆಯವರೆಗೆ ಹುಣಸೇಮರದ ಕೆಳಗೆ ಕಾದಿದ್ದು, ಮತ್ತೆ ಹೊತ್ತುಕೊಂಡು ಹೋಗುತ್ತಿದ್ದರು. ಕೂಲಿಗೆ ಹೋಗುವುದನ್ನೂ ಬಿಟ್ಟಿದ್ದರು. ಕರೆತರುವವರ ಭತ್ಯೆಗೆ ಅರ್ಜಿ ತುಂಬಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅವರು, “ಮೊಮ್ಮಗನ್ನ ಹೊತ್ಕಂಡು ಬರೋದ್ಕೂ ಸರ್ಕಾರ ಸಂಬ್ಳ ಕೊಡ್ತದಾ ಮೇಷ್ಟ್ರೆ?” ಎಂದು ನಕ್ಕರು. ವರ್ಷದ ಹಣ ಬಂದದ್ದು ಬೇಸಿಗೆ ರಜೆ ಶುರುವಾದ ಮೇಲೆ. ಎರಡು ಮೈಲಿಯ ದಾರಿಯೂ ಕಳೆದುಹೋದ ಕೂಲಿಯೂ ಕಾಗದದ ಮೇಲೆ ಬಂದುದನ್ನು ನಾನು ಆವರೆಗೆ ಕಂಡಿರಲಿಲ್ಲ. ಈ ಯೋಜನೆ ಮುಂದೆ ಬೇರೆ ಬೇರೆ ಹೆಸರುಗಳನ್ನು ತಾಳಿ 2018ರಿಂದ ಸಮಗ್ರ ಶಿಕ್ಷಾದೊಳಗೆ ಸೇರಿಹೋಗಿದೆ. ಅಲ್ಲಿ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕವಿಟ್ಟರು. ಹೆಣ್ಣುಮಕ್ಕಳಿಗೆ ಹತ್ತು ತಿಂಗಳು 200 ರೂಪಾಯಿ ಬೇರೆ. ಕೇಳಬೇಕಾದದ್ದು ಶಾಲೆಯ ಮುಖ್ಯೋಪಾಧ್ಯಾಯರನ್ನು, ತಾಲ್ಲೂಕು ಕಚೇರಿಯನ್ನಲ್ಲ. ಮಾಸಾಶನಕ್ಕೆ ಅಲೆಯುವ ಎಷ್ಟೋ ಮಂದಿ ಇದನ್ನು ಕೇಳುವುದೇ ಇಲ್ಲ.

ಆ ತಾತನ ಲೆಕ್ಕವೇ ಇಂದಿಗೂ ಮುಖ್ಯವಾದದ್ದು ಎಂದು ನನ್ನ ಎಣಿಕೆ. ಊನವುಳ್ಳ ಮಗು ಹುಟ್ಟಿದ ಮನೆಯಲ್ಲಿ ಮೊದಲು ನಿಲ್ಲುವುದು ತಾಯಿಯ ಸಂಪಾದನೆ, ಮಗುವಿನದಲ್ಲ. ನಾಡಕಚೇರಿಯ ಅರ್ಜಿಯಲ್ಲಿ ಮನೆಯ ಆದಾಯವನ್ನು ಬರೆಯಲು ಜಾಗವಿದೆ, ಆ ಮನೆ ಕಳೆದುಕೊಂಡ ಆದಾಯವನ್ನು ಬರೆಯಲು ಇಲ್ಲ. ಕೇರಳವು ಆಶ್ವಾಸಕಿರಣಂ ಎಂಬ ಯೋಜನೆಯಲ್ಲಿ ಹಾಸಿಗೆ ಹಿಡಿದವರನ್ನೂ ತೀವ್ರ ಊನವುಳ್ಳವರನ್ನೂ ನೋಡಿಕೊಳ್ಳುವವರಿಗೇ ಸಹಾಯಧನ ಕೊಡುವ ಪದ್ಧತಿಯನ್ನು ತಂದಿತು. ತಿಂಗಳಿಗೆ 600 ರೂಪಾಯಿ. ಮೊತ್ತ ಅಲ್ಪವೇ, ಆದರೆ ಹಣ ಸೇರಬೇಕಾದವರನ್ನು ಗುರುತಿಸಿದೆ. 2016ರ ಕಾಯಿದೆಯ 24ನೆಯ ಕಲಮು ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೆಸರಿಸಿಯೇ ಹೇಳುತ್ತದೆ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಇತರರಿಗೆ ಸಿಗುವುದಕ್ಕಿಂತ ಅಂಗವಿಕಲರಿಗೆ ಕನಿಷ್ಠ ಶೇಕಡಾ 25 ಹೆಚ್ಚು ಸಿಗಬೇಕೆಂದೂ ಅದೇ ಕಲಮು ವಿಧಿಸಿದೆ. ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಹಳೆಯ ಕಟ್ಟು ಮಾತ್ರ ಅಲ್ಲಿಯೂ ಬಿಟ್ಟಿಲ್ಲ.

ನನ್ನ ವಿದ್ಯಾರ್ಥಿನಿಗೂ ಅವಳಂಥವರಿಗೂ ಕೆಲವು ಮಾತು. ಪ್ರಮಾಣಪತ್ರ ಈಗ ಸ್ವಾವಲಂಬನ ಜಾಲತಾಣದ ಮೂಲಕವೇ ಬರುತ್ತದೆ. ಅದರ ಜೊತೆಗೆ ವಿಶಿಷ್ಟ ಗುರುತಿನ ಚೀಟಿ. ಬುದ್ಧಿಯ ಊನವುಳ್ಳ ಮಕ್ಕಳಿಗೆ ಮೊದಲು ಕೊಡುವುದು ತಾತ್ಕಾಲಿಕ ಪತ್ರ. 5, 10 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡಿಸಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸರ್ಕಾರಿ ನೌಕರಿಯಲ್ಲಿರುವವರು ಕುಟುಂಬ ಪಿಂಚಣಿಯ ಕಾಗದಗಳಲ್ಲಿ ಈ ಮಗುವಿನ ಹೆಸರನ್ನು ಈಗಲೇ ಸೇರಿಸಿರಬೇಕು. ಸ್ವಂತವಾಗಿ ಜೀವನ ನಡೆಸಲಾರದ ಮಗುವಿಗೆ ಅದು ಜೀವಮಾನ ಪೂರ್ತಿ ಸಲ್ಲುತ್ತದೆ.

ಹೆಚ್ಚಿನವರು ಮರೆಯುವುದು ಹದಿನೆಂಟನೆಯ ಹುಟ್ಟುಹಬ್ಬವನ್ನು. ಆ ದಿನದಿಂದ ಕಾನೂನಿನ ಕಣ್ಣಿಗೆ ಮಗು ವಯಸ್ಕ. ಮಗನ ಪರವಾಗಿ ರುಜು ಹಾಕುವ ಅಧಿಕಾರ ತಾಯಿಗೆ ತಾನಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಊನ ಈ ನಾಲ್ಕಕ್ಕೆ ಸೇರಿದವರಿಗೆ ಪೋಷಕರನ್ನು ನೇಮಿಸುವುದು 1999ರ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿರುವ ಸ್ಥಳೀಯ ಸಮಿತಿ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಅಂಗವಿಕಲರೊಬ್ಬರು, ಹೀಗೆ ಮೂವರಿರುತ್ತಾರೆ. ಅರ್ಜಿಯನ್ನು ಸಲ್ಲಿಸಬೇಕಾದದ್ದು ಅವರಿಗೆ. ಹನ್ನೊಂದು ವರ್ಷ ಸಮಯವಿದೆಯಲ್ಲಮ್ಮ, ಆದರೂ ಈಗಲೇ ಬರೆದಿಟ್ಟುಕೋ.