ಬಾರ್ಶಿಯ ಶಾಹಿರ ಅಮರ ಶೇಖ

ಅಮೆರಿಕದ ಕಪ್ಪು ಕವಿಗಳು ವೇದಿಕೆಯ ಮೇಲೆ ನಿಂತು ಕವಿತೆ ಹೇಳುವ ವಿಡಿಯೋಗಳನ್ನು ನೀವು ನೋಡಿರಬಹುದು. ಹಾಗೆ ಜನರೆದುರು ನಿಂತು ಹಾಡಿದ ಕವಿಯೊಬ್ಬರು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲೇ ಹುಟ್ಟಿದ್ದರು.

1916ರಲ್ಲಿ ಬಾರ್ಶಿಯ ಬಡ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಮೆಹಬೂಬ ಹುಸೇನ ಪಟೇಲರು ಮುಂದೆ ಶಾಹಿರ ಅಮರ ಶೇಖ ಎಂದು ಹೆಸರಾದರು. ಹಾಡು ಬಂದದ್ದು ತಾಯಿಯಿಂದ. ಗಿರಣಿಯಲ್ಲಿ ದುಡಿದರು, ಮುಷ್ಕರ ಮಾಡಿ ಜೈಲು ಕಂಡರು. 1944ರಲ್ಲಿ ಅಣ್ಣಾಭಾವು ಸಾಠೆ, ದತ್ತಾ ಗವಾಣಕರ ಜೊತೆ ‘ಲಾಲ್ ಬಾವಟಾ ಕಲಾಪಥಕ’ ಕಟ್ಟಿದರು. ಓದು ಬಾರದ ಕೂಲಿಕಾರರಿಗೂ ಕವಿತೆ ಕಿವಿಯಿಂದಲೇ ಮುಟ್ಟಿತು. ‘ಕಲಶ’, ‘ಧರತಿಮಾತಾ’ ಸಂಕಲನಗಳು ಅಚ್ಚಾದದ್ದು ಎಷ್ಟೋ ತಡವಾಗಿ, 1958 ಮತ್ತು 1963ರಲ್ಲಿ.

ಸಂಯುಕ್ತ ಮಹಾರಾಷ್ಟ್ರ ಚಳವಳಿಗೂ ಅವರ ದನಿ ದೊಡ್ಡ ಬಲವಾಗಿತ್ತು. ಆ ಚಳವಳಿ ಬೆಳಗಾವಿ, ಕಾರವಾರಗಳನ್ನೂ ಕೇಳಿತ್ತು. ಅಕ್ಕಲಕೋಟೆ ಕಡೆಯ ಕನ್ನಡಿಗರಾದ ನಮಗೆ ಆ ಮಾತು ಹಿಡಿಸಲಿಕ್ಕಿಲ್ಲ. ಆದರೆ ದುಡಿಯುವವರ ಬೆವರಿನ ಬಗ್ಗೆ ಅವರು ಹಾಡಿದ್ದಕ್ಕೆ ಗಡಿಯ ಹಂಗಿಲ್ಲ ಎಂದೇ ನನಗೆ ಅನಿಸುತ್ತದೆ.

1969ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ಮಗಳು, ಕವಯಿತ್ರಿ ಮಲ್ಲಿಕಾ, ಮದುವೆಯಾದದ್ದು ಕವಿ ನಾಮದೇವ ಢಸಾಳರನ್ನು. ಢಸಾಳರು ಗೆಳೆಯರೊಂದಿಗೆ 1972ರಲ್ಲಿ ಮುಂಬೈಯಲ್ಲಿ ಕಟ್ಟಿದ ದಲಿತ ಪ್ಯಾಂಥರ್ಸ್‌ಗೆ ಹೆಸರು ಬಂದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ.