ಕರೆಂಟು ಮೊದಲು ಕೋಲಾರಕ್ಕೆ...

ಮೊನ್ನೆ ಬೆಂಗಳೂರಿಂದ ಎಚ್.ಡಿ.ಕೋಟೆಗೆ ಹೊರಟ ಗೆಳೆಯ ತನ್ನ ಎಲೆಕ್ಟ್ರಿಕ್ ಕಾರನ್ನು ಮೈಸೂರಲ್ಲೇ ಕಾದು ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡ. "ಆ ಕಡೆ ಫಾಸ್ಟ್ ಚಾರ್ಜರ್ ನಂಬ್ಕೊಂಡು ಹೋಗಕ್ಕಾಗಲ್ಲ ಕಣೋ" ಅಂದ.

ನನಗೆ 1902 ನೆನಪಾಯ್ತು. ಆ ವರ್ಷ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ತಂತಿ ಹಿಡಿದು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ದಾರಿಯ ಹಳ್ಳಿಯವರು ಕಂಬ ನೋಡಿದ್ದಷ್ಟೇ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಹಳ್ಳಿಗಳು ದಶಕಗಟ್ಟಲೆ ಕಾದವು. ಕಾಸು ಹುಟ್ಟುವ ಕಡೆಗೆ ತಂತಿ ಮೊದಲು!

ಕಾರಿನ ಕಥೆಯೂ ಹಾಗೇ. 2001ರಲ್ಲಿ ಬೆಂಗಳೂರಲ್ಲಿ ಬಂದ ರೇವಾಗೆ ಮನೆಯ 15 ಆಂಪ್ ಪ್ಲಗ್ಗೇ ಸಾಕಿತ್ತು. ಆದರೆ ಓಡುತ್ತಿದ್ದದ್ದು ಸುಮಾರು 80 ಕಿ.ಮೀ., ಹುಣಸೂರಿಂದ ಮೈಸೂರಿಗೆ ಹೋಗಿ ಬರಲೂ ಸಾಲದು. 2017ರಲ್ಲಿ ದೇಶಕ್ಕೇ ಮೊದಲು ವಿದ್ಯುತ್ ವಾಹನ ನೀತಿ ತಂದಿದ್ದು ನಮ್ಮ ರಾಜ್ಯ. ನೀತಿ ಬಂತು, ಸರಿ.

60 ಕಿಲೋವಾಟಿನ ಒಂದು ಫಾಸ್ಟ್ ಚಾರ್ಜರ್ ಅಂದ್ರೆ 5 ಎಚ್‌ಪಿಯ ಹದಿನಾರು ಪಂಪ್‌ಸೆಟ್ಟುಗಳ ಲೋಡು. ದೊಡ್ಡ ಟಿಸಿ ಬೇಕು, ಬಂಡವಾಳ ಬೇಕು. ಹುಣಸೂರು, ಪಿರಿಯಾಪಟ್ಟಣಕ್ಕೆ ಮಡಿಕೇರಿ ಹೆದ್ದಾರಿಯ ಪ್ರವಾಸಿಗರಾದರೂ ಇದ್ದಾರೆ. ಕೆ.ಆರ್.ನಗರದಲ್ಲಿ ದಿನಕ್ಕೆ ನಾಲ್ಕು ಕಾರು ಬಂದರೆ ಹಾಕಿದ ದುಡ್ಡು ಹುಟ್ಟೋದು ಯಾವಾಗ? ಚಾರ್ಜರ್ ಇಲ್ಲ ಅಂತ ಜನ ಕಾರು ಕೊಳ್ಳಲ್ಲ, ಕಾರಿಲ್ಲ ಅಂತ ಚಾರ್ಜರ್ ಬರಲ್ಲ.

ತಮಾಷೆ ಏನಂದ್ರೆ, ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲೇ 1974ರ ಕಬಿನಿ ಅಣೆಕಟ್ಟೆ, ಅಲ್ಲೇ 20 ಮೆಗಾವಾಟಿನ ವಿದ್ಯುತ್ ಘಟಕ. ಅಂಥ ಮುನ್ನೂರು ಚಾರ್ಜರ್ ಓಡಿಸುವಷ್ಟು (ನೀರಿದ್ದಾಗ ಬಿಡಿ). ಗೆಳೆಯ ಮಾತ್ರ ಆ ರಾತ್ರಿ ನೆಂಟರ ಮನೆಯ ಪ್ಲಗ್ಗಿಗೆ ಕಾರು ಸಿಕ್ಕಿಸಿ ಮಲಗಿದನಂತೆ.