‘ಸ್ಕಾಟ್‌ಲೆಂಡಿನವ’ ಅಬ್ರಹಾಂ ಮಾರ್ಟಿನ್: ಒಂದು ಅಡ್ಡಹೆಸರಿನ ವಿಚಾರ

ಕ್ವಿಬೆಕ್ಕಿನ ಮೊದಲ ಫ್ರೆಂಚ್ ವಲಸಿಗರ ವಂಶಾವಳಿ ಬರೆಯುವವರಲ್ಲಿ ಒಂದು ಮಾತು ಕೈಯಿಂದ ಕೈಗೆ ದಾಟಿ ಬಂದಿದೆ: ಅಬ್ರಹಾಂ ಮಾರ್ಟಿನ್ ಹುಟ್ಟಿನಿಂದ ಸ್ಕಾಟ್. ಆಧಾರ ಕೇಳಿದರೆ ಅವನ ಹೆಸರಿನ ಬಾಲದಲ್ಲಿರುವ ‘ಲೆಕೊಸ್ಸೆ’, ಅಂದರೆ ಸ್ಕಾಟ್‌ಲೆಂಡಿನವ, ಎಂಬ ಒಂದೇ ಪದವನ್ನು ತೋರಿಸುತ್ತಾರೆ. ಈ ಓದನ್ನು ನಾನು ಒಪ್ಪಲಾರೆ.

ಮೊದಲು ದಾಖಲೆಯ ಮಾತು. 1640ರ ಜೂನ್‌ನಲ್ಲಿ ಕ್ವಿಬೆಕ್ಕಿನ ನೋತ್ರ್ ದಾಮ್ ದ ಲಾ ರಕುವ್ರಾಂಸ್ ಚರ್ಚು ಸುಟ್ಟುಹೋಯಿತು. ಜ್ಞಾನಸ್ನಾನ, ಮದುವೆ, ಸಾವುಗಳನ್ನು ಬರೆದಿಟ್ಟ ಪುಸ್ತಕವೂ ಬೂದಿಯಾಯಿತು. ಅದಕ್ಕೂ ಹಿಂದಿನ ನಮೂದುಗಳೆಂದು ನಾವಿಂದು ಓದುವುದು ಬೆಂಕಿಯ ನಂತರ ಊರವರ ನೆನಪನ್ನು ಕೆದಕಿ ಬರೆಸಿದ ಪ್ರತಿ. ಮಾರ್ಟಿನ್‌ನ ಮಗ ಯೂಸ್ತಾಶ್‌ಗೆ 1621ರ ಅಕ್ಟೋಬರ್ 24ರಂದು ಜ್ಞಾನಸ್ನಾನವಾಯಿತೆಂಬ ನಮೂದೂ ಆ ಪ್ರತಿಯದ್ದೇ. ಹೀಗಿರುವಾಗ 1621ರಲ್ಲಿ ಅಪ್ಪನನ್ನು ಜನ ಏನೆಂದು ಕರೆಯುತ್ತಿದ್ದರು ಎಂಬುದಕ್ಕೆ ಅದು ನೇರ ಸಾಕ್ಷಿಯಾಗದು. (ತಾಂಗೇ ಪಾದ್ರಿಗಳು 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ವಂಶಕೋಶವಿಲ್ಲದೆ ನನಗೂ ದಿನ ಸಾಗದು, ಅವರಿಗೆ ನಮಸ್ಕಾರ. ಅಚ್ಚಾದ ಸಾಲನ್ನೇ ಮೂಲವೆಂದು ನಂಬಿ, ಆ ಹಾಳೆ ಯಾವಾಗ ಬರೆದದ್ದು ಎಂದು ಕೇಳದೆ ಮುಂದೆ ಹೋಗುವವರ ಮೇಲಷ್ಟೇ ನನ್ನ ಸಿಟ್ಟು.)

ಇರಲಿ, ಅಡ್ಡಹೆಸರು ಹಳೆಯದೇ ಎಂದಿಟ್ಟುಕೊಳ್ಳೋಣ. ಮಾರ್ಟಿನ್‌ನ ಹೆಂಡತಿ ಮಾರ್ಗರೀತ್ ಲಾಂಗ್ಲುವಾ. ಲಾಂಗ್ಲುವಾ ಎಂದರೆ ‘ಇಂಗ್ಲೆಂಡಿನವ’. ಅವಳನ್ನು ಇಂಗ್ಲಿಷ್ ಹೆಣ್ಣೆಂದು ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದೇ ಮನೆಯೊಳಗೆ ಗಂಡನ ಹೆಸರಿಗೊಂದು ನ್ಯಾಯ, ಹೆಂಡತಿಯ ಹೆಸರಿಗೊಂದು ನ್ಯಾಯವೆ? ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ: ಲಾಂಗ್ಲುವಾ ತಲೆಮಾರುಗಳಿಂದ ಬಂದ ಮನೆತನದ ಹೆಸರು, ಲೆಕೊಸ್ಸೆಯಾದರೋ ಈ ಒಬ್ಬನಿಗೇ ಅಂಟಿಕೊಂಡದ್ದು. ಒಪ್ಪಿದೆ. ಆದರೆ ಏಕೆ ಅಂಟಿತು ಎಂಬುದನ್ನು ಹೆಸರು ತಾನಾಗಿ ಹೇಳುವುದಿಲ್ಲವಲ್ಲ. ನ್ಯೂ ಫ್ರಾನ್ಸಿನ ಸಿಪಾಯಿಗಳಲ್ಲಿ ‘ಲಾಫ್ಲರ್’, ಎಂದರೆ ಹೂವು, ಇದ್ದ. ‘ಸಾಂಸೂಸಿ’, ಚಿಂತೆಯಿಲ್ಲದವ, ಇದ್ದ. ಉತ್ತರ ಕರ್ನಾಟಕದ ಮೆಣಸಿನಕಾಯಿ, ಉಳ್ಳಾಗಡ್ಡಿ ಮನೆತನದವರ ಜೊತೆ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಟಿನ್ ಕಡಲಿನ ಮನುಷ್ಯ, ಹಡಗಿನ ದಾರಿಗಾರ. ಹರೆಯದಲ್ಲಿ ಸ್ಕಾಟ್‌ಲೆಂಡಿನ ಬಂದರುಗಳಿಗೆ ಹೋಗಿಬಂದದ್ದಕ್ಕೇ ಜತೆಗಾರರು ಹಾಗೆ ಕರೆದಿರಬಹುದು. ಸೈನ್ಯದ ಕಡೆಯಿಂದಲೂ ಬಂದಿರಬಹುದು: ಫ್ರಾನ್ಸಿನ ದೊರೆಯ ‘ಸ್ಕಾಟ್ ಕಾವಲುಪಡೆ’ಯಲ್ಲೇ ಆ ಕಾಲಕ್ಕೆ ಹೆಚ್ಚಿನವರು ಫ್ರೆಂಚರು! ಇವೆರಡೂ ಊಹೆ, ಸ್ಕಾಟ್ ಹುಟ್ಟೂ ಊಹೆಯೇ. ಮೂರರಲ್ಲಿ ಒಂದನ್ನಷ್ಟೇ ಇತಿಹಾಸವೆಂದು ಬರೆಯುವುದಕ್ಕೆ ನನ್ನ ತಕರಾರು.

ಇದರ ಬೆನ್ನಿಗೇ ಇನ್ನೊಂದು ತಪ್ಪೂ ನಡೆದುಬಂದಿದೆ. 1759ರ ಸೆಪ್ಟೆಂಬರ್ 13ರ ಕಾಳಗದಿಂದ ‘ಅಬ್ರಹಾಂ ಬಯಲು’ ಜಗತ್ಪ್ರಸಿದ್ಧವಾಯಿತು, ಆ ಬಯಲಿಗೆ ಇವನದೇ ಹೆಸರು, ನಿಜ. ಕಾಳಗ ನಡೆದ ನೆಲ ಮಾತ್ರ ಇವನದಾಗಿರಲಿಲ್ಲ. ಇವನ 32 ಆರ್ಪಾಂ ಜಮೀನು ಬೇರೆ ಕಡೆ ಇತ್ತು. 1664ರಲ್ಲಿ ಇವನು ತೀರಿಕೊಂಡ ಮೇಲೆ ವಾರಸುದಾರರು 1667ರಲ್ಲಿ ಅದನ್ನು ಉರ್ಸುಲಿನ್ ಕನ್ಯಾಸ್ತ್ರೀಯರಿಗೆ ಮಾರಿದರು.

ಮಾರ್ಟಿನ್ ಎಂಬ ಹೆಸರು ಹೊತ್ತು ಇವನನ್ನು ಮೂಲಪುರುಷನೆಂದು ಹುಡುಕಿ ಹೊರಡುವವರಿಗೂ ನಿರಾಶೆ ಕಾದಿದೆ. ಗಂಡುಮಕ್ಕಳಿಂದ ವಂಶ ಮುಂದುವರಿಯಲಿಲ್ಲ. ಶಾರ್ಲ್ ಅಮಾದೋರ್ ಪಾದ್ರಿಯಾದ. ಇವನ ರಕ್ತ ಹರಿದದ್ದು ಹೆಣ್ಣುಮಕ್ಕಳಲ್ಲಿ. ವಿಧವೆ ಎಲೆನ್ 1647ರಲ್ಲಿ ತುಪ್ಪಳದ ವ್ಯಾಪಾರಿ ಗ್ರೊಸೆಯೇನ ಕೈಹಿಡಿದಳು. ಅವಳ ಅಕ್ಕ ಮಾರ್ಗರೀತ್ ಎತಿಯೆನ್ ರಾಸೀನ್‌ನನ್ನು ಮದುವೆಯಾದಳು. ಹಾಗಾಗಿ ಹುಡುಕಬೇಕಾದದ್ದು ರಾಸೀನ್‌ನಂಥ ಅಳಿಯಂದಿರ ಮನೆಗಳಲ್ಲಿ. ಆದರೆ ಆ ಮದುವೆ ನಡೆದದ್ದು 1638ರಲ್ಲಿ, ಚರ್ಚಿನಲ್ಲಿ ಅದರ ನಮೂದು ಇರುವುದೂ ನೆನಪಿನಿಂದ ಬರೆಸಿದ ಆ ಪ್ರತಿಯಲ್ಲೇ.